ಕಾಕಿಯ ಲಿಂಬೆಹಣ್ಣು ಮತ್ತು ಟ್ರೇಲರಿನ ಬ್ರೇಕು

ನಮ್ಮ ಮನೆಯಲ್ಲಿ ಇಂದಿಗೂ ಚಾಲ್ತಿಯಲ್ಲಿರುವ ಕಥೆಯ ಪ್ರಕಾರ, ನಾನು ಲಿಂಬೆಹಣ್ಣನ್ನು ಹೀಯಾಳಿಸಿದೆ, ಅದಕ್ಕೇ ಟ್ರೇಲರಿನ ಬ್ರೇಕು ಕೆಟ್ಟಿತು, ಹೊಸ ಹಣ್ಣು ಮುಟ್ಟಿಸಿದ ಮೇಲೆ ಸರಿಹೋಯಿತು. ಮನೆಗೆ ಬಂದ ಬೀಗರಿಗೆಲ್ಲ ಕಾಕಿ, ಅಂದರೆ ನನ್ನ ಚಿಕ್ಕಮ್ಮ, ಇದನ್ನೇ ಹೇಳುತ್ತಾಳೆ. ಅವರು ಚಹಾ ಕುಡಿಯುತ್ತ ನನ್ನ ಕಡೆ ಮರುಕದಿಂದ ನೋಡುತ್ತಾರೆ. ನನ್ನ ಆಕ್ಷೇಪಣೆ ಇಷ್ಟೇ: ಬ್ರೇಕು ಕೆಟ್ಟಿದ್ದು ಮೊದಲು, ನಾನು ಹೀಯಾಳಿಸಿದ್ದು ಆಮೇಲೆ. ಕಾರಣವೆಂಬುದು ಪರಿಣಾಮಕ್ಕಿಂತ ಮುಂಚೆ ಬರಬೇಕೆಂಬ ಸಣ್ಣ ಶಿಸ್ತನ್ನಾದರೂ ಕಥೆ ಪಾಲಿಸಬೇಡವೇ? ಆದರೆ ಕಥೆಯನ್ನು ತಿದ್ದಲು ಹೊರಟರೆ ನಡೆದದ್ದನ್ನೆಲ್ಲ ಹೇಳಬೇಕಾಗುತ್ತದೆ. ಅದರಲ್ಲಿ ನನ್ನ ಮರ್ಯಾದೆ ಇನ್ನಷ್ಟು ಹೋಗುತ್ತದೆ. ಹೋಗಲಿ, ಹೇಳಿಬಿಡುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಧಾರವಾಡದಲ್ಲಿ ಓದುತ್ತಿದ್ದೆ. ಓದಿದ್ದಕ್ಕಿಂತ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದ್ದೇ ಹೆಚ್ಚು. ಒಂದೇ ವಿಷಯದ ಮೇಲೆ ಮುಂಜಾನೆ ಪರವಾಗಿ, ಮಧ್ಯಾಹ್ನ ವಿರೋಧವಾಗಿ ಮಾತಾಡಿ ಎರಡೂ ಸಲ ಬಹುಮಾನ ತಂದವನು. ರಜೆಗೆ ನಮ್ಮೂರು ಮನೋಳಿಗೆ ಬಂದರೆ ಸೋಲಿಸಲು ಯಾರೂ ಸಿಗದೆ ಕೈ ತುರಿಸುತ್ತಿತ್ತು. ಆ ಹೊತ್ತಿಗೆ ಕಾಕಿಯ ಗಂಡ, ನಮ್ಮ ಕಾಕಾ, ಬೆಳಗಾವಿಯ ಯಾವುದೋ ಹರಾಜಿನಲ್ಲಿ ಒಂದು ಹಳೆಯ ಟ್ರೇಲರ್ ಹಿಡಿದು ತಂದಿದ್ದ. ಹಿಂದೆ ಅದು ಜನರೇಟರ್ ಹೊರುತ್ತಿತ್ತಂತೆ. ನಮ್ಮ ಕಡೆಯ ಟ್ರೇಲರುಗಳಿಗೆ ಬ್ರೇಕೆಂಬುದೇ ಇರುವುದಿಲ್ಲ. ಟ್ರ್ಯಾಕ್ಟರು ನಿಂತರೆ ಅವೂ ನಿಲ್ಲುತ್ತವೆ, ಮನಸ್ಸಿದ್ದರೆ. ಇದರ ಗಾಲಿಗಳೊಳಗೆ ಮಾತ್ರ ಕರೆಂಟಿನ ಅಯಸ್ಕಾಂತಗಳಿದ್ದವು. ಸೀಟಿನ ಪಕ್ಕದ ಬಟನ್ ಒತ್ತಿದರೆ ಬ್ಯಾಟರಿಯ ಕರೆಂಟು ಒಂದು ತಂತಿಯಲ್ಲಿ ಹೋಗಿ ಗಾಲಿ ಹಿಡಿದು, ಇನ್ನೊಂದು ತಂತಿಯಲ್ಲಿ ವಾಪಸು ಬರುತ್ತಿತ್ತು. ಆ ವಾಪಸು ತಂತಿಯನ್ನು ಟ್ರೇಲರಿನ ಮೂತಿಯ ಕಬ್ಬಿಣಕ್ಕೆ ಒಂದು ಬೋಲ್ಟಿನಿಂದ ಬಿಗಿದಿದ್ದರು. ಹೊರಗೆ ಚಾಚಿಕೊಂಡಿದ್ದ ಆ ಬೋಲ್ಟು ಕಾಕಿಯ ಕಣ್ಣಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಲೆಂದೇ ಹುಟ್ಟಿದ್ದಾಗಿ ಕಂಡಿತು. ಅಮಾವಾಸ್ಯೆಗೊಂದು ಹಣ್ಣು. ಕಟ್ಟಿದ್ದನ್ನು ಕೈಯಿಂದ ಬಿಚ್ಚಬಾರದು, ತಾನಾಗಿ ಉದುರಬೇಕು ಎಂಬುದು ಅವಳ ನೇಮ. ಹೀಗಾಗಿ ಅಲ್ಲಿ ಒಣಗಿದ್ದು, ಕೊಳೆತದ್ದು, ತಾಜಾ ಇದ್ದದ್ದು ಎಲ್ಲ ಸೇರಿ ಅವಿಭಕ್ತ ಕುಟುಂಬದಂತೆ ತೂಗಾಡುತ್ತಿದ್ದವು.

ಒಂದು ದಿನ ನಮ್ಮ ಡ್ರೈವರ್ ಅಡಿವೆಪ್ಪ ಗೋವಿನಜೋಳದ ಚೀಲ ಹೇರಿಕೊಂಡು ಸವದತ್ತಿಯ ಇಳಿಜಾರಿನಲ್ಲಿ ಬರುವಾಗ ಟ್ರೇಲರು ನಿಲ್ಲಲಿಲ್ಲ. ಹಿಂದಿನಿಂದ ಟ್ರ್ಯಾಕ್ಟರನ್ನೇ ದಬ್ಬಿಕೊಂಡು ಹೋಗಿ ಒಂದು ಚಹಾದಂಗಡಿಯ ಮುಂದೆ ಗಿರಾಕಿಗಳು ಕೂರುವ ಬಾಕು ಮುರಿಯಿತು. ಮಿರ್ಚಿ ಕರಿಯುತ್ತಿದ್ದ ಬಾಣಲೆಗೂ ಟ್ರ್ಯಾಕ್ಟರಿಗೂ ಎರಡೇ ಗೇಣು ಉಳಿದಿತ್ತು. ಬಾಕಿನ ಮೇಲೆ ಆಗ ಯಾರೂ ಕೂತಿರಲಿಲ್ಲ, ಪುಣ್ಯ. ಬ್ರೇಕು ಹಿಡಿಯಲಿಲ್ಲವೆಂದು ಅಡಿವೆಪ್ಪ ಹೇಳಿದ. ಕಾಕಾ ಮನೆಮುಂದೆ ಗಾಡಿ ನಿಲ್ಲಿಸಿ ಬಟನ್ ಒತ್ತಿ ನೋಡಿದ. ಗಾಲಿಗಳು ಟಕ್ ಎಂದವು. ಇನ್ನೊಮ್ಮೆ ಒತ್ತಿದ. ಟಕ್. ಬ್ರೇಕು ಸರಿ ಇದೆ, ಇವನೇ ತೂಕಡಿಸಿದ್ದಾನೆ ಎಂದು ಕಾಕಾನ ಮುಖ ಗಂಟಾಯಿತು. ಹನ್ನೊಂದು ವರ್ಷ ನಮ್ಮಲ್ಲಿ ದುಡಿದ ಅಡಿವೆಪ್ಪ ತಲೆ ಎತ್ತಿ, “ಧಣ್ಯಾರ, ಅವ್ವಾರು ಆ ಬೋಲ್ಟಿಗೆ ಲಿಂಬಿಹಣ್ಣ ಕಟ್ಟಾಕ ಹತ್ತಿದಾಗಿಂದ...” ಎಂದ.

ಮುಂದಿನದನ್ನು ಹೇಳಲು ನಾನು ಬಿಡಲಿಲ್ಲ. ಲಿಂಬೆಹಣ್ಣು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಬೆರಳೆತ್ತಿ ಎದ್ದು ನಿಂತೆ. ಕಾಕತಾಳೀಯ ಎಂದರೇನೆಂದು ಕಾಗೆ ಸಮೇತ ವಿವರಿಸಿದೆ. ಹಣ್ಣಿನಿಂದ ಬ್ರೇಕು ಉಳಿಯುವುದೂ ಇಲ್ಲ, ಕೆಡುವುದೂ ಇಲ್ಲ ಎಂದೆ. ಮೂಢನಂಬಿಕೆಯ ಮರೆಯಲ್ಲಿ ಮನುಷ್ಯ ತನ್ನ ತಪ್ಪನ್ನು ಬಚ್ಚಿಡುತ್ತಾನೆ ಎಂದೂ ಸೇರಿಸಿದೆ. ಧಾರವಾಡದಲ್ಲಿ ಚಪ್ಪಾಳೆ ಗಿಟ್ಟಿಸಿದ ವಾಕ್ಯವದು. ಅಡಿವೆಪ್ಪ ನಡುವೆ ಎರಡು ಸಲ ಬಾಯಿ ತೆರೆದ. ನನ್ನ ಮಾತು ಇನ್ನೂ ಮುಗಿದಿಲ್ಲವೆಂದು ಎರಡೂ ಸಲ ಕೈಯಡ್ಡ ಹಿಡಿದೆ. ಮುಗಿದಾಗ ಕಾಕಾ, “ಚಾವಿ ಇಟ್ಟ ಹೋಗು, ಅಡಿವೆಪ್ಪ” ಎಂದ. ಅವನು ಚಾವಿಯನ್ನು ಕಟ್ಟೆಯ ಮೇಲಿಟ್ಟು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ನಡೆದ. ಎದುರಾಳಿ ಇಷ್ಟು ಬೇಗ ವೇದಿಕೆ ಬಿಟ್ಟು ಹೋದದ್ದು ನನಗೆ ಅದೇ ಮೊದಲು.

ಮೂರನೇ ದಿನ ಕಾಕಾ ತಾನೇ ಟ್ರ್ಯಾಕ್ಟರು ಹತ್ತಿದ. ಚೀಲಗಳ ಮೇಲೆ ನಾನು. ಅದೇ ಇಳಿಜಾರು ಬಂತು, ಕಾಕಾ ಬಟನ್ ಒತ್ತಿದ, ಟ್ರೇಲರಿಗೆ ಅದು ಕೇಳಿಸಿದಂತೆಯೇ ಕಾಣಲಿಲ್ಲ. ಚಹಾದಂಗಡಿಯವನು ಈ ಸಲ ನಮ್ಮನ್ನು ಕಂಡ ಕೂಡಲೇ ಹೊಸ ಬಾಕನ್ನು ಎತ್ತಿಕೊಂಡು ಒಳಗೆ ಓಡಿದ. ಕಾಕಾ ಪಕ್ಕದ ಎರೆಹೊಲಕ್ಕೆ ಗಾಡಿ ತಿರುಗಿಸಿದ್ದರಿಂದ ಕೆಸರಿನಲ್ಲಿ ಹೂತು ನಿಂತೆವು. ಅಷ್ಟು ಹೊತ್ತು ನಾನು ಒಂದು ಮಾತೂ ಆಡಲಿಲ್ಲ ಎಂಬುದನ್ನು ಕಾಕಾ ಈಗಲೂ ನೆನೆಸುತ್ತಾನೆ.

ಸವದತ್ತಿಯ ಬ್ಯಾಟರಿ ಮೇಸ್ತ್ರಿ ದಾದಾಪೀರನಿಗೆ ವಾದದ ಗೊಡವೆ ಇರಲಿಲ್ಲ. ಬಟನ್ ಒತ್ತಿಸಿ ಟಕ್ ಸದ್ದು ಕೇಳಿದ. ಆಮೇಲೆ ಉದ್ದನೆಯ ಒಂದು ತಂತಿಯನ್ನು ಟ್ರೇಲರಿನ ಕಬ್ಬಿಣದಿಂದ ನೇರ ಬ್ಯಾಟರಿಗೆ ಮುಟ್ಟಿಸಿ ಮತ್ತೆ ಒತ್ತಿಸಿದ. ಗಾಲಿಗಳು ಗಕ್ಕನೆ ಕಚ್ಚಿದವು. ಹೋಗುವ ಕರೆಂಟು ಸರಿಯಿದೆ, ವಾಪಸು ಬರುವ ದಾರಿಯೇ ಕೆಟ್ಟಿದೆ ಎಂದು ಬೋಲ್ಟಿನ ಹತ್ತಿರ ಕೂತವನು, “ಏನ್ರೀ ಇದು, ಶರಬತ್ತಿನ ಅಂಗಡಿ ಇಡಾವ್ರು ಅದೀರೇನು?” ಎಂದ. ಕೊಳೆತ ಹಣ್ಣಿನ ರಸ ತಿಂಗಳುಗಟ್ಟಲೆ ತೊಟ್ಟಿಕ್ಕಿ ತಂತಿಯ ತುದಿ ಹಸಿರು ಬೂದಿಯಾಗಿತ್ತು. ಟಕ್ ಎನ್ನಲು ಸಾಕಾಗುವಷ್ಟು ಕರೆಂಟು ದಾಟುತ್ತಿತ್ತು, ಹೇರು ತಡೆಯುವಷ್ಟಲ್ಲ. ಆ ಗೊಂಚಲಿನಲ್ಲೇ ತಾಜಾ ಇದ್ದ ಹಣ್ಣೊಂದನ್ನು ಹೆಚ್ಚಿ, ಹಿತ್ತಾಳೆ ಕೊಡ ತಿಕ್ಕಿದಂತೆ ಬೋಲ್ಟು ತಿಕ್ಕಿ ತೊಳೆದು, ಒರೆಸಿ ಬಿಗಿದ. ಕೆಡಿಸಿದ್ದೂ ಲಿಂಬೆ, ತೊಳೆದದ್ದೂ ಲಿಂಬೆ. ಸುದ್ದಿ ಕೇಳಿದ ಕಾಕಿ, “ಹಣ್ಣಿಂದ ಏನೂ ಆಗೂದಿಲ್ಲಂತಿದ್ದೆಲ್ಲೋ, ಈಗೇನಂತಿ?” ಎಂದಳು. ಈಗ ಅವಳು ಹಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಟ್ಟುತ್ತಾಳೆ.

ತಪ್ಪಾಯಿತೆನ್ನುವುದು ಕಾಕಾನ ಬಾಯಲ್ಲಿ ಬರುವುದಿಲ್ಲ. ಚಾವಿಯನ್ನು ನನ್ನ ಕೈಗಿಟ್ಟು, “ಕೊಟ್ಟ ಬಾ. ಮಾತು ಕಮ್ಮಿ ಆಡು” ಎಂದ. ಅಡಿವೆಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ. ತಪ್ಪಾಯಿತೆಂದು ನಾನೇ ಹೇಳಿದೆ. ಅವನು ಚಾವಿ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡ, ಮತ್ತೆ ಹಗ್ಗಕ್ಕೆ ಕೈ ಹಚ್ಚಿದ. ಸುಮ್ಮನೆ ಎದ್ದು ಬರಬೇಕಿತ್ತು. ಬರಲಾಗಲಿಲ್ಲ.

“ಅಡಿವೆಪ್ಪ, ಅವತ್ತು ನಾ ಬಾಯಿ ಹಾಕಲಿಲ್ಲಂದ್ರ ನೀ ಮುಂದ ಏನ ಹೇಳಾವ ಇದ್ದಿ?”

“ಹಣ್ಣಿನ ರಸ ಸೋರಿ ಬೋಲ್ಟಿನ ತಂತಿ ಹಸರಾಗೇತ್ರಿ, ಒಮ್ಮೆ ಬಿಚ್ಚಿ ನೋಡ್ರಿ ಅನ್ನಾವ ಇದ್ನಿ” ಎಂದ ಅವನು, ಹಗ್ಗ ಹೊಸೆಯುತ್ತಲೇ.