ತಾನಾಗಿಯೇ ಸ್ವಚ್ಛವಾಗಿರುವ ಹಲ್ಲು

ಬಸ್ ನಿಲ್ದಾಣದ ಪ್ರಕಟಣಾ ವ್ಯವಸ್ಥೆಯಲ್ಲಿ ನಾಲ್ಕು ಭಾಗಗಳಿವೆ: ಮೈಕು, ತಂತಿ, ಧ್ವನಿವರ್ಧಕ ಮತ್ತು ಪ್ರಕಟಣೆ ಮಾಡುವ ಹೆಂಗಸು. ಇವುಗಳಲ್ಲಿ ಯಾವುದು ಕೆಟ್ಟರೂ ದುರಸ್ತಿ ಮಾಡಿಸುವುದು ನಿಲ್ದಾಣದ ಹೊಣೆ ಎಂದು ನಿಯಮಾವಳಿ ಹೇಳುತ್ತದೆ. ಮೊದಲ ಮೂರು ಸದಾ ಅರೆಬರೆ ಕೆಟ್ಟೇ ಇರುತ್ತಿದ್ದುದರಿಂದ ಈ ನಿಯಮವನ್ನು ಯಾರೂ ಬಳಸಿ ನೋಡಿರಲಿಲ್ಲ.

ನಾಲ್ಕನೆಯ ಭಾಗವನ್ನು ಎಲ್ಲರೂ ಮೈಕಕ್ಕ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಸ್ಕ್ರೂ ಕಳಚಿ, ಮೈಕಿನ ಕಬ್ಬಿಣದ ಕಂಬ ಅವರ ಬಾಯಿಗೆ ಬಡಿಯಿತು. ಮೇಲ್ಸಾಲಿನ ಮುಂದಿನ ಹಲ್ಲೊಂದು ಬಿತ್ತು. ಸ್ಕ್ರೂ ಸಡಿಲವಾಗಿದೆ ಎಂದು ಅವರು ಮೊದಲೇ ದೂರು ಕೊಟ್ಟಿದ್ದರು. ಆ ದೂರನ್ನು ಅಂದೇ ಇತ್ಯರ್ಥಪಡಿಸಲಾಯಿತು. ಸ್ಕ್ರೂ ಈಗ ಸಡಿಲವಾಗಿರಲಿಲ್ಲ, ಇರಲೇ ಇಲ್ಲ.

ಹಲ್ಲಿನ ಸಂದಿಯಿಂದ ಗಾಳಿ ನುಗ್ಗಿ, ಮಾತಿನ ನಡುವೆ ಸಿಳ್ಳೆ ಹೊರಡತೊಡಗಿತು. ಸಿಳ್ಳೆ ಕೇಳಿದರೆ ಬಸ್ಸು ಬಿಡುವುದು ಚಾಲಕರ ಅಭ್ಯಾಸ. ಮೈಕಕ್ಕ ಬಾಯಿ ತೆರೆದಾಗಲೆಲ್ಲ ನಾಲ್ಕಾರು ಬಸ್ಸುಗಳು ಒಟ್ಟಿಗೆ ಹೊರಟವು. ಒಂದು ಬಸ್ಸು ನಿರ್ವಾಹಕನನ್ನೇ ಬಿಟ್ಟುಹೋಯಿತು. ಅದರಲ್ಲಿದ್ದ ಪ್ರಯಾಣಿಕರು ಸೇವೆ ಸುಧಾರಿಸಿದೆ ಎಂದು ತಿಳಿಸಿದರು.

ನಿಲ್ದಾಣಾಧಿಕಾರಿ ಮೈಕಕ್ಕನನ್ನು ಕರೆಸಿದರು.

"ಹಲ್ಲು ಸರಿಹೋಗೋ ತನಕ ಮೈಕ್ ಮುಟ್ಟಬೇಡಿ. ಸರಿಹೋಗದಿದ್ರೆ ಕಳೆದ ಸಾಮಾನಿನ ಕೋಣೆಗೆ ಹಾಕ್ತೀನಿ."

ಆ ಕೋಣೆಗೆ ಕಿಟಕಿ ಇಲ್ಲ. ಒಳಗೆ ಯಾರೂ ಕೇಳಿಕೊಂಡು ಬಾರದ ಛತ್ರಿಗಳಿವೆ.

"ಸಾರ್, ಊರಿಗೆಲ್ಲ ದಾರಿ ಹೇಳಿಕೊಂಡಿದ್ದವಳು ನಾನು. ಛತ್ರಿಗಳ ಹತ್ರ ಏನಂತ ಮಾತಾಡ್ಲಿ?"

"ಅವು ವಾದ ಮಾಡಲ್ಲ. ಸುಖವಾಗಿರ್ತೀರಿ."

ಮೈಕಕ್ಕ ನಿಯಮಾವಳಿಯನ್ನು ತೋರಿಸಿದರು. ಅಧಿಕಾರಿ ಅದನ್ನು ಓದಿ ಬೇಸರಗೊಂಡರು, ಆದರೆ ಒಪ್ಪಿದರು. ದುರಸ್ತಿ ವಿಭಾಗದ ಮೇಸ್ತ್ರಿ ಬಂದು, ಬಾಯಿಗೆ ಟಾರ್ಚು ಬಿಟ್ಟು ನೋಡಿ, ಈ ಅಳತೆಯ ಬಿಡಿಭಾಗ ದಾಸ್ತಾನಿನಲ್ಲಿ ಇಲ್ಲವೆಂದು ಪ್ರಮಾಣಪತ್ರ ಕೊಟ್ಟ. ಪ್ರಕರಣ ಹಲ್ಲಿನ ವೈದ್ಯೆಯ ಬಳಿಗೆ ಹೋಯಿತು. ಅಧಿಕಾರಿಯೂ ಜೊತೆಗೆ ಹೋದರು, ಏಕೆಂದರೆ ಆಸ್ತಿಯೊಂದು ಆವರಣದಿಂದ ಹೊರಗೆ ಹೋಗುವಾಗ ಜವಾಬ್ದಾರಿಯುತರೊಬ್ಬರು ಜೊತೆಗಿರಬೇಕು.

ವೈದ್ಯೆ ವಿವರಿಸಿದರು: "ಇದಕ್ಕೆ ಬ್ರಿಜ್ ಹಾಕಬಹುದು. ಸಂದಿಯ ಆಚೆ ಈಚೆ ಇರೋ ಹಲ್ಲುಗಳನ್ನ ಸ್ವಲ್ಪ ಅರೆದು ಅವುಗಳ ಮೇಲೆ ಟೋಪಿ ಕೂರಿಸ್ತೀವಿ. ನಡುವಿನ ಕೃತಕ ಹಲ್ಲನ್ನ ಆ ಎರಡೂ ಸೇರಿ ಹೊರುತ್ತವೆ."

"ಅವೆರಡೂ ಚೆನ್ನಾಗಿವೆ ತಾನೇ?" ಎಂದು ಅಧಿಕಾರಿ ಕೇಳಿದರು.

"ಚೆನ್ನಾಗಿವೆ."

"ಚೆನ್ನಾಗಿರೋದನ್ನ ಅರೆದು, ಇಲ್ಲದಿರೋದರ ಭಾರವನ್ನ ಅವುಗಳ ಮೇಲೆ ಹಾಕೋದು," ಅಧಿಕಾರಿಯ ಮುಖ ಅರಳಿತು. "ನಮ್ಮ ಕಚೇರಿಯಲ್ಲಿ ಖಾಲಿ ಹುದ್ದೆಗಳನ್ನ ಹೀಗೇ ತುಂಬೋದು. ಹಾಕಿ ಮೇಡಂ."

ಬ್ರಿಜ್ ಅನ್ನು ಅಂಟಿಸಿ ಕೂರಿಸಲಾಯಿತು. ಸಿಳ್ಳೆ ನಿಂತಿತು. ಬಸ್ಸುಗಳು ಮತ್ತೆ ತಡವಾಗಿ ಹೊರಟವು. ವೈದ್ಯೆ ಮೈಕಕ್ಕನಿಗೆ ಒಂದೇ ಮಾತನ್ನು ಒತ್ತಿ ಹೇಳಿದ್ದರು: ಎರಡು ಹೊತ್ತು ಬ್ರಷ್ ಮಾಡಬೇಕು, ಕೃತಕ ಹಲ್ಲಿನ ಅಡಿಗೆ ದಿನವೂ ದಾರ ತೂರಿಸಿ ಎಳೆಯಬೇಕು, ಇಲ್ಲವಾದರೆ ಅಡಿಯಲ್ಲಿ ಆಹಾರ ಕೊಳೆತು, ಆಧಾರದ ಹಲ್ಲುಗಳಿಗೆ ಹುಳುಕು ಹಿಡಿಯುತ್ತದೆ. ಇದಕ್ಕಾಗಿ ಹಲ್ಲಿನ ದಾರದ ಡಬ್ಬಿಯನ್ನೂ ದಾರ ತೂರಿಸುವ ಪ್ಲಾಸ್ಟಿಕ್ ಸೂಜಿಗಳನ್ನೂ ಕೊಟ್ಟಿದ್ದರು.

ಮರುದಿನ ಸೂಚನಾಫಲಕದಲ್ಲಿ ಹೀಗೊಂದು ಸುತ್ತೋಲೆ ಕಂಡಿತು:

"ಪ್ರಕಟಣೆಗಾರರ ಬಾಯಿಯಲ್ಲಿ ಅಳವಡಿಸಿರುವ ಮೂರು ಹಲ್ಲುಗಳ ಜೋಡಣೆ ನಿಲ್ದಾಣದ ಆಸ್ತಿಯಾಗಿರುತ್ತದೆ. ಸದರಿ ಆಸ್ತಿಯನ್ನು ಖಾಸಗಿ ಊಟಕ್ಕೆ ಬಳಸತಕ್ಕದ್ದಲ್ಲ. ನಿಲ್ದಾಣದ ಎಲ್ಲ ಆಸ್ತಿಯಂತೆ ಇದನ್ನೂ ಸ್ವಚ್ಛತಾ ವಿಭಾಗವೇ ಸ್ವಚ್ಛಗೊಳಿಸತಕ್ಕದ್ದು. ಇತರರು ಸ್ವಚ್ಛಗೊಳಿಸಿದಲ್ಲಿ ಆಸ್ತಿಯಲ್ಲಿ ಕೈಯಾಡಿಸಿದ ಅಪರಾಧವಾಗುವುದು."

"ನನ್ನ ಬಾಯಿ ಸಾರ್ ಇದು!" ಎಂದರು ಮೈಕಕ್ಕ.

"ಬಾಯಿ ನಿಮ್ಮದೇ. ಅದರ ಬಗ್ಗೆ ನಮಗೆ ತಕರಾರಿಲ್ಲ."

ಸ್ವಚ್ಛತಾ ಮೇಲ್ವಿಚಾರಕ ಕರ್ತವ್ಯಕ್ಕೆ ಹಾಜರಾದ. ಒಂದು ಕೈಯಲ್ಲಿ ಉದ್ದ ಪೊರಕೆ, ಇನ್ನೊಂದರಲ್ಲಿ ಫಿನಾಯಿಲ್.

"ಅಕ್ಕ, ನಮ್ಮ ವಿಭಾಗದಲ್ಲಿರೋದು ಇವೆರಡೇ. ಯಾವುದರಿಂದ ಶುರು ಮಾಡ್ಲಿ?"

"ನಿನ್ನ ತಲೆಯಿಂದ ಶುರು ಮಾಡು ಮಾರಾಯ."

ಆತ ಸಣ್ಣ ಬ್ರಷ್ಷಿಗೆ ಬೇಡಿಕೆ ಸಲ್ಲಿಸಿದ. ಇಲಾಖೆ ಖರೀದಿಸುವ ಬ್ರಷ್ಷಿನ ಹಿಡಿ ಕನಿಷ್ಠ ಒಂದಾಳುದ್ದ ಇರಬೇಕೆಂದೂ ಚಿಕ್ಕದಾದರೆ ಸಿಬ್ಬಂದಿ ಅದನ್ನು ಮನೆಗೆ ಒಯ್ಯುವ ಸಂಭವವಿದೆಯೆಂದೂ ಉತ್ತರ ಬಂತು.

ವಾರ ಕಳೆಯುವಷ್ಟರಲ್ಲಿ ಒಸಡು ಊದಿತು. ಉಗುಳಿದರೆ ರಕ್ತ. ವೈದ್ಯೆ ಬಾಯಿ ನೋಡಿ ಸಿಟ್ಟಾದರು.

"ದಾರ ಹಾಕ್ತಾ ಇಲ್ಲ ಅಲ್ವಾ? ಹೀಗೇ ಬಿಟ್ರೆ ಪಕ್ಕದ ಎರಡೂ ಹೋಗುತ್ತವೆ. ಆಮೇಲೆ ಬ್ರಿಜ್ ನಿಲ್ಲೋಕೆ ಆಧಾರಾನೇ ಇರಲ್ಲ."

ಮೂರು ಹಲ್ಲಿನ ಸಂದಿ ಎಂದರೆ ಕಿಟಕಿಯಿಲ್ಲದ ಕೋಣೆ, ನಿವೃತ್ತಿಯವರೆಗೂ. ಮೈಕಕ್ಕ ಮನೆಗೆ ಬಂದು ಗಂಡನ ಮುಂದೆ ಕುಳಿತರು. ಅವರು ದರ್ಜಿ. ಹೊಲಿಗೆ ಯಂತ್ರ ನಿಲ್ಲಿಸದೆಯೇ ಎಲ್ಲವನ್ನೂ ಕೇಳಿಸಿಕೊಂಡರು.

"ಸಿಕ್ಕಿಬಿದ್ರೆ ಕೆಲಸ ಹೋಗುತ್ತೆ ಕಣ್ರೀ."

"ಹಲ್ಲು ಬಿದ್ರೂ ಹೋಗುತ್ತಲ್ಲ. ಕಿಟಕಿ ಮುಚ್ಚು. ಆ ಸೂಜಿ ಇಲ್ಲಿ ಕೊಡು. ದಿನವಿಡೀ ದಾರ ಪೋಣಿಸೋನು ನಾನು, ಇದೇನು ಮಹಾ."

"ಮೆಲ್ಲಗೆ. ಇದು ಅಂಗಿ ಅಲ್ಲ."

"ಅಂಗಿ ಆಗಿದ್ರೆ ಮಧ್ಯೆ ಮಾತಾಡ್ತಿರಲಿಲ್ಲ."

ಅಂದಿನಿಂದ ದಿನವೂ ಕಿಟಕಿ ಮುಚ್ಚಿದ ಮೇಲೆ ಆಸ್ತಿಯಲ್ಲಿ ಕೈಯಾಡಿಸುವ ಕೆಲಸ ನಡೆಯಿತು. ಒಸಡು ತಿಳಿಗುಲಾಬಿಯಾಯಿತು. ರಕ್ತ ನಿಂತಿತು. ಅಕ್ಕಪಕ್ಕದವರು ಕಿಟಕಿ ಮುಚ್ಚುವುದನ್ನು ನೋಡಿ ತಮಗೆ ತೋಚಿದಂತೆ ಅರ್ಥ ಮಾಡಿಕೊಂಡರು. ದಂಪತಿಗಳು ತಿದ್ದಲು ಹೋಗಲಿಲ್ಲ.

ವರ್ಷದ ಕೊನೆಗೆ ಆಸ್ತಿ ತಪಾಸಣೆಗೆ ಮೇಲಿನಿಂದ ತಪಾಸಣಾಧಿಕಾರಿ ಬಂದರು. ಬೆಂಚು, ನಲ್ಲಿ, ಗಡಿಯಾರಗಳನ್ನು ನೋಡಿ, ಎಲ್ಲವೂ ನಿರೀಕ್ಷಿಸಿದಷ್ಟೇ ಕೊಳಕಾಗಿವೆ ಎಂದು ಬರೆದುಕೊಂಡರು. ಕೊನೆಗೆ ಮೈಕಕ್ಕನ ಬಾಯಿ ತೆರೆಸಿ ಪುಟ್ಟ ಕನ್ನಡಿ ಹಿಡಿದರು. ಬಹಳ ಹೊತ್ತು ನೋಡಿದರು.

"ಇದು ಸ್ವಚ್ಛವಾಗಿದೆ," ಎಂದರು ಗಂಭೀರವಾಗಿ. "ಯಾರು ಮಾಡಿದ್ದು?"

ಸ್ವಚ್ಛತಾ ಮೇಲ್ವಿಚಾರಕನನ್ನು ಕರೆಸಿದರು. ಆತನಿಗೆ ಬ್ರಷ್ಷೇ ಬಂದಿರಲಿಲ್ಲ. ಸ್ವಚ್ಛ ಮಾಡಿದ್ದೇನೆ ಎಂದರೆ ಬ್ರಷ್ ಎಲ್ಲಿಂದ ಬಂತೆಂದು ಹೇಳಬೇಕಾಗುತ್ತಿತ್ತು.

"ನಾನಂತೂ ಅದರ ತಂಟೆಗೇ ಹೋಗಿಲ್ಲ ಸಾರ್. ದೇವರಾಣೆ."

"ಹಾಗಾದ್ರೆ ನೀವಾ?" ತಪಾಸಣಾಧಿಕಾರಿ ಮೈಕಕ್ಕನ ಕಡೆ ತಿರುಗಿದರು.

ಹೌದು ಎಂದರೆ ಅಪರಾಧ. ಮೈಕಕ್ಕ ಗೋಡೆಯ ಮೇಲಿನ ಧ್ವನಿವರ್ಧಕವನ್ನು ಒಮ್ಮೆ ನೋಡಿದರು.

"ಯಾರೂ ಇಲ್ಲ ಸಾರ್. ಅದು ಇರೋದೇ ಹಾಗೆ."

"ಬಾಯಿ ತೆಗೀರಿ. ಇದೇನು, ನೀಲಿ ದಾರ?"

ಹಿಂದಿನ ದಿನ ಹಲ್ಲಿನ ದಾರ ಮುಗಿದಿತ್ತು. ದರ್ಜಿ ತಮ್ಮ ಉಂಡೆಯಿಂದ ಒಂದೆಳೆ ಕಿತ್ತಿದ್ದರು. ತಪಾಸಣಾಧಿಕಾರಿ ದಾರದ ತುಣುಕನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು.

"ತಾನಾಗಿ ಸ್ವಚ್ಛವಾಗೋವಾಗ ಹೊರಬೀಳೋ ಪದಾರ್ಥ ಇರಬೇಕು," ಎಂದರು. ನಿಲ್ದಾಣಾಧಿಕಾರಿ ಕೂಡಲೇ ಒಪ್ಪಿದರು. ಒಪ್ಪದಿದ್ದರೆ ವಿಚಾರಣೆ ಅವರ ಮೇಜಿಗೇ ಬರುತ್ತಿತ್ತು.

ತಪಾಸಣಾ ವರದಿಯ ತರ್ಕದಲ್ಲಿ ದೋಷ ಹುಡುಕುವುದು ಕಷ್ಟ. ದಿನವೂ ಗುಡಿಸುವ ನೆಲ ದಿನವೂ ಕೊಳೆಯಾಗಿದೆ. ವರ್ಷವಿಡೀ ಯಾರೂ ಮುಟ್ಟದ ಹಲ್ಲು ಹೊಳೆಯುತ್ತಿದೆ. ಆದ್ದರಿಂದ ಕೊಳೆಗೆ ಕಾರಣ ಸ್ವಚ್ಛಗೊಳಿಸುವಿಕೆ. ಗುಡಿಸುವುದನ್ನು ಕೂಡಲೇ ನಿಲ್ಲಿಸಬೇಕು. ಗುಡಿಸುವವರು ಇನ್ನು ಮುಂದೆ ಯಾರೂ ಗುಡಿಸದಂತೆ ನೋಡಿಕೊಳ್ಳಬೇಕು.

ಪ್ರಕಟಣೆಯ ಹಾಳೆ ಮೈಕಕ್ಕನ ಕೈಗೆ ಬಂತು.

"ಇದನ್ನ ನಾನೇ ಓದಬೇಕಾ ಸಾರ್?"

"ನಿಮ್ಮ ಹಲ್ಲಿನಿಂದಲೇ ಸಾಬೀತಾಗಿದ್ದು. ಅಥವಾ ಛತ್ರಿಗಳ ಮುಂದೆ ಓದ್ತೀರೋ?"

ಮೈಕಕ್ಕ ಓದಿದರು. ಒಂದಕ್ಷರವೂ ಜಾರಲಿಲ್ಲ: "ಪ್ರಯಾಣಿಕರ ಗಮನಕ್ಕೆ. ಈ ನಿಲ್ದಾಣ ಇನ್ನು ಮುಂದೆ ತಾನಾಗಿಯೇ ಸ್ವಚ್ಛವಾಗಿರುತ್ತದೆ. ಯಾರಾದರೂ ಸ್ವಚ್ಛಗೊಳಿಸುತ್ತಿರುವುದು ಕಂಡುಬಂದರೆ ಹತ್ತಿರದ ಸಿಬ್ಬಂದಿಗೆ ತಿಳಿಸಿ."

ಮೊದಲು ಕಸ ಮೊಣಕಾಲು ಮುಟ್ಟಿತು. ನಂತರ ನಿಲ್ದಾಣ ಕ್ರಮೇಣ ಸ್ವಚ್ಛವಾಗತೊಡಗಿತು. ಟಿಕೆಟ್ ಕೊಡುವವರು ಬಿದ್ದ ಚಿಲ್ಲರೆ ಹುಡುಕುವ ನೆಪದಲ್ಲಿ ಬಗ್ಗಿ, ಬಹಳ ಹೊತ್ತು ಬಗ್ಗಿಯೇ ಇರುತ್ತಿದ್ದರು. ಪ್ರಯಾಣಿಕರು ಅತ್ತಿತ್ತ ನೋಡಿ, ತೋಳಿನಿಂದ ಬೆಂಚು ಒರೆಸಿ, ಏನೂ ಆಗಿಲ್ಲವೆಂಬಂತೆ ಕೂರುತ್ತಿದ್ದರು. ಶೌಚಾಲಯದ ಬಳಿ ಇಬ್ಬರು ಕಾವಲು ನಿಂತು ಮೂವರನ್ನು ಒಳಗೆ ಬಿಡುತ್ತಿದ್ದರು. ಸ್ವಚ್ಛತಾ ಮೇಲ್ವಿಚಾರಕ ಇದನ್ನೆಲ್ಲ ತಡೆಯಬೇಕಿತ್ತು. ಆತ ಅವರಿಗೆ ಬಾಡಿಗೆಗೆ ಪೊರಕೆ ಕೊಡುತ್ತಿದ್ದ.

ಮರುವರ್ಷ ತಪಾಸಣೆಯಲ್ಲಿ ಎಲ್ಲವೂ ಹೊಳೆಯಿತು. ಬೇರೆ ಊರುಗಳ ಅಧಿಕಾರಿಗಳು ಕಲಿಯಲು ಬಂದರು. ಅವರನ್ನು ಸ್ವಾಗತಿಸಲು ಸಿಬ್ಬಂದಿ, ಅಂಗಡಿಯವರು, ಕೆಲವು ಪ್ರಯಾಣಿಕರು ಸಾಲಾಗಿ ನಿಂತಿದ್ದರು. ಕಿಸೆಯಿಂದ ನೀಲಿ ದಾರ ಇಣುಕುತ್ತಿದ್ದ ದರ್ಜಿಯೊಬ್ಬರೂ ಇದ್ದರು.

"ಇದಕ್ಕೆ ನೀವು ಏನು ಮಾಡ್ತೀರಿ?" ಎಂದು ಅತಿಥಿಗಳು ಕೇಳಿದರು.

"ಏನೂ ಮಾಡಲ್ಲ ಸಾರ್," ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಎಲ್ಲರ ಕೈಗಳೂ, ಅವುಗಳಲ್ಲಿದ್ದ ಒರೆಸುಬಟ್ಟೆಗಳೂ ಬೆನ್ನ ಹಿಂದೆ ಇದ್ದವು. ಅತಿಥಿಗಳು ಈ ವಿನಯಕ್ಕೆ ಮನಸೋತು, ತಾವೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮುಂದೆ ನಡೆದರು.