ದಯವಿಟ್ಟು ಸಹಕರಿಸಿ

‘ಶಬ್ದ ಮಾಡಬೇಡಿ’ ಎಂದೇ ಡುಲ್ಸಿನ್ ಮೊದಲು ಬರೆದದ್ದು. ಬರೆದು ಓದಿದಾಗ, ಇದು ಟೀಚರ್ ಮಕ್ಕಳಿಗೆ ಗದರಿದ ಹಾಗಾಯಿತು ಅನ್ನಿಸಿ ಅಳಿಸಿದಳು. ಅದರ ಜಾಗಕ್ಕೆ ‘ದಯವಿಟ್ಟು ಸಹಕರಿಸಿ’ ಎಂದು ಹಾಕಿದಳು. ಆ ದಿನದ ಅನಾಹುತಕ್ಕೆಲ್ಲ ಈ ಮರ್ಯಾದೆಯೇ ಕಾರಣ.

ಮಂಗಳೂರಿನ ದೇರೆಬೈಲಿನ ಅವಳ ಓಣಿಯ ವಾಟ್ಸಾಪ್ ಗುಂಪಿಗೆ ಬೆಳಿಗ್ಗೆ ಏಳೂವರೆಗೆ ಹೋದ ಸಂದೇಶ ಹೀಗಿತ್ತು: ‘ಇವತ್ತು ಹನ್ನೊಂದು ಗಂಟೆಗೆ ನಮ್ಮ ಮನೆಯಲ್ಲಿ ಆಂಟಿ ಡಂಪಿಂಗ್ ಡ್ಯೂಟಿ ಬಗ್ಗೆ ಹಿಯರಿಂಗ್ ಉಂಟು. ದೆಹಲಿಯ ಆಫೀಸರುಗಳು ಆನ್‌ಲೈನಿನಲ್ಲಿ ಇರುತ್ತಾರೆ. ದಯವಿಟ್ಟು ಸಹಕರಿಸಿ.’

ಎದುರುಮನೆಯ ಜಾನೆಟಳ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸುತ್ತಿದ್ದರು. ಟೈಲ್ಸ್ ಕತ್ತರಿಸುವ ಮಿಷನ್ ನಾಲ್ಕು ದಿನದಿಂದ ಇಡೀ ಓಣಿಯ ಹಲ್ಲು ಜುಮ್ಮೆನ್ನಿಸುತ್ತಿತ್ತು. ಅದು ಒಂದು ಗಂಟೆ ನಿಂತರೆ ಸಾಕು ಎಂಬುದಷ್ಟೇ ಡುಲ್ಸಿನಳ ಆಸೆ.

ಬೈಕಂಪಾಡಿಯ ಒಂದು ಸಣ್ಣ ಸ್ಟೀಲ್ ಪೈಪ್ ಕಾರ್ಖಾನೆಯಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ಕೆಲಸಕ್ಕಿದ್ದಳು. ಹೊರದೇಶದ ಕಂಪೆನಿಗಳು ತಮ್ಮ ಊರಿನ ಬೆಲೆಗಿಂತಲೂ ಅಗ್ಗಕ್ಕೆ ಇಲ್ಲಿ ಪೈಪು ತಂದು ಸುರಿಯತೊಡಗಿದಾಗ ಸರಕಾರ ಅದರ ಮೇಲೆ ಹೆಚ್ಚಿನ ಸುಂಕ ಹಾಕಿತ್ತು. ಅದೇ ಆಂಟಿ ಡಂಪಿಂಗ್ ಡ್ಯೂಟಿ. ಅದರ ಐದು ವರ್ಷದ ಅವಧಿ ಈಗ ಮುಗಿಯುತ್ತ ಬಂದಿತ್ತು. ಸುಂಕ ಇರಬೇಕೋ ಹೋಗಬೇಕೋ ಎಂದು ದೆಹಲಿಯವರು ಎರಡೂ ಕಡೆಯವರನ್ನು ಕೇಳುವ ದಿನ ಇವತ್ತು. ಸುಂಕ ಹೋದರೆ ಕಾರ್ಖಾನೆಯ ಮೂವತ್ತೆಂಟು ಜನ ಮನೆಗೆ ಹೋಗಬೇಕು. ಮೂವತ್ತೊಂಬತ್ತನೆಯವಳು ಡುಲ್ಸಿನ್.

ಆದರೂ ಅವಳು ರಾತ್ರಿ ನಿದ್ದೆಗೆಟ್ಟದ್ದು ಬರೀ ಸುಂಕಕ್ಕಾಗಿ ಅಲ್ಲ. ಇವತ್ತು ಕಾರ್ಖಾನೆಯ ಪರವಾಗಿ ಐದು ನಿಮಿಷ ಮಾತಾಡುವವಳು ಅವಳು. ಇಷ್ಟು ವರ್ಷ ಕಾರ್ಖಾನೆಯ ಪತ್ರ, ಅರ್ಜಿ, ಭಾಷಣ ಎಲ್ಲ ಬರೆದದ್ದು ಅವಳೇ. ಓದುವವರು ಮಾತ್ರ ಮಾಲಕ ಹ್ಯೂಬರ್ಟ್ ಸಾರ್. ಅವರು ವೇದಿಕೆಯ ಮೇಲೆ ಓದುವಾಗ ಇವಳು ಕೊನೆಯ ಸಾಲಿನಲ್ಲಿ ಕುಳಿತು ತುಟಿ ಅಲ್ಲಾಡಿಸುತ್ತಿದ್ದಳು. ಅವರು ಪೂರ್ಣವಿರಾಮ ನುಂಗಿದಾಗಲೆಲ್ಲ ಇವಳಿಗೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದಂತಾಗುತ್ತಿತ್ತು.

ನಿನ್ನೆ ಸಂಜೆ ಹ್ಯೂಬರ್ಟ್ ಸಾರ್ ಅವಸರದಲ್ಲಿದ್ದರು. ಬೆಂಗಳೂರಿನ ದೊಡ್ಡ ಗಿರಾಕಿಯೊಬ್ಬ ಆರ್ಡರ್ ರದ್ದು ಮಾಡುತ್ತೇನೆ ಅಂದಿದ್ದ. ಅವನನ್ನು ಹಿಡಿದು ನಿಲ್ಲಿಸಲು ಬೆಳಿಗ್ಗೆ ಹೊರಡಲೇಬೇಕಿತ್ತು. ಬೈಕಂಪಾಡಿಯಲ್ಲಿ ಅದೇ ದಿನ ಕರೆಂಟ್ ಲೈನಿನ ದುರಸ್ತಿ.

“ನೀವು ಮನೆಯಿಂದಲೇ ಮಾತಾಡಿ ಡುಲ್ಸಿನ್. ಬರೆದದ್ದು ನೀವೇ ಅಲ್ವಾ? ನಾನು ಕಾರಿನಲ್ಲಿ ಕೇಳ್ತಾ ಇರ್ತೇನೆ. ಚೆಂದ ಆಯ್ತೆಂದರೆ ಇನ್ನು ಮುಂದೆ ಎಲ್ಲಾ ಕಡೆ ನೀವೇ ಮಾತಾಡುದು.”

“ಹೌದು ಸಾರ್,” ಅಂದಿದ್ದಳು ಡುಲ್ಸಿನ್. ಹತ್ತೊಂಬತ್ತು ವರ್ಷದಲ್ಲಿ ಅವರಿಗೆ ಅವಳು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಈ ಎರಡು ಶಬ್ದಗಳೇ.

ರಾತ್ರಿಯೆಲ್ಲ ಕನ್ನಡಿಯ ಮುಂದೆ ಓದಿ ನೋಡಿದ್ದಳು. ನಾಲ್ಕು ನಿಮಿಷ ನಲವತ್ತು ಸೆಕೆಂಡು. ಇಂಗ್ಲಿಷಿನಲ್ಲಿ ಒಂದು ತಪ್ಪಿಲ್ಲ. ಮಗಳ ನಿಶ್ಚಿತಾರ್ಥಕ್ಕೆ ಉಟ್ಟಿದ್ದ ನೀಲಿ ಸೀರೆಯನ್ನು ಬೆಳಿಗ್ಗೆ ತೆಗೆದು ಇಸ್ತ್ರಿ ಮಾಡಿದಳು.

“ಐದು ನಿಮಿಷಕ್ಕೆ ಆರು ಗಜ ಸೀರೆ ಯಾಕೆ?” ಎಂದ ಗಂಡ ಸಿಪ್ರಿಯನ್, ಪೇಪರಿನ ಹಿಂದಿನಿಂದ. “ಕುತ್ತಿಗೆಯವರೆಗೆ ಮಾತ್ರ ಅಲ್ವಾ ಕಾಣುದು?”

“ನೀನು ಒಂದು ಉಪಕಾರ ಮಾಡು ಸಿಪ್ರಿ. ಹನ್ನೆರಡರವರೆಗೆ ಯಾರನ್ನೂ ಒಳಗೆ ಬಿಡಬೇಡ.”

“ಸರಿ,” ಎಂದ ಸಿಪ್ರಿಯನ್. ಇಪ್ಪತ್ತೆರಡು ವರ್ಷ ಬಹರೈನಿನ ಒಂದು ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳ ಮುಖ ಮಾತ್ರ ನೋಡಿ ಬಂದವನು ಅವನು. ಊರಿಗೆ ಬಂದ ಮೇಲೆ ಗ್ಯಾಸ್ ಸಿಲಿಂಡರಿನವನನ್ನೂ ಕೂರಿಸಿ ಚಾ ಕೊಡದೆ ಕಳಿಸಿದವನಲ್ಲ.

ಹತ್ತೂವರೆಗೆ ಜಾನೆಟಳ ಮನೆಯ ಮಿಷನ್ ನಿಂತಿತು. ಡುಲ್ಸಿನಳಿಗೆ ಅಳುವಷ್ಟು ಸಂತೋಷವಾಯಿತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಹ್ಯೂಬರ್ಟ್ ಸಾರರ ಮೆಸೇಜು ಬಂತು: ‘ಶಿರಾಡಿ ಘಾಟಿಯಲ್ಲಿದ್ದೇನೆ. ಚಿತ್ರ ಬರುದಿಲ್ಲ, ಸ್ವರ ಮಾತ್ರ ಬರ್ತಾ ಉಂಟು. ಧೈರ್ಯದಿಂದ ಮಾತಾಡಿ.’

ಆಗ ಕರೆಗಂಟೆ ಬಡಿಯಿತು.

“ಬನ್ನಿ ಬನ್ನಿ ನೋಣಯ್ಯಣ್ಣ!” ಸಿಪ್ರಿಯನನ ಸ್ವರ ಹಬ್ಬದ ದಿನದ ಹಾಗಿತ್ತು. “ಒಳಗೇ ಉಂಟು ಹಿಯರಿಂಗ್. ಚಪ್ಪಲಿ ಇರಲಿ, ಪರವಾಗಿಲ್ಲ.”

ಪಕ್ಕದ ಮನೆಯ ನೋಣಯ್ಯ ಒಳಗೆ ಬಂದರು. ಮುಂಬೈಯಲ್ಲಿ ಇಪ್ಪತ್ತೈದು ವರ್ಷ ಕ್ಯಾಂಟೀನು ನಡೆಸಿ ಬಂದು ಈಗ ಓಣಿಯ ಸಮಿತಿಗೆ ಅಧ್ಯಕ್ಷರಾಗಿರುವವರು. ಕಂಕುಳಲ್ಲಿ ದಿಂಬಿನಷ್ಟು ದಪ್ಪದ ಫೈಲು.

“ಈ ಒಂದು ತಿಂಗಳಲ್ಲಿ ಹದಿನಾಲ್ಕು ಅರ್ಜಿ ಕೊಟ್ಟಿದ್ದೇನೆ ಡುಲ್ಸಿನ್ ಬಾಯಿ, ಹದಿನಾಲ್ಕು! ಕಸದ ವಿಷಯಕ್ಕೆ ಇಲ್ಲಿಯವರು ಬರ್ಲಿಲ್ಲ. ನೀವು ಸೀದಾ ದೆಹಲಿಯವರನ್ನೇ ಹಿಡಿದದ್ದು ನೋಡಿ, ಅದು ಕೆಲಸ!”

ಡುಲ್ಸಿನಳಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ತಿಳಿದಾಗ ಕಿವಿಯೊಳಗೆ ಟೈಲ್ಸ್ ಮಿಷನ್ ಮತ್ತೆ ಶುರುವಾಯಿತು. ಓಣಿಯ ಕೊನೆಗೆ, ನೋಣಯ್ಯನವರ ಗೋಡೆಗೆ ತಾಗಿದ ಖಾಲಿ ಜಾಗದಲ್ಲಿ ಯಾರ‍್ಯಾರೋ ಕಸದ ಚೀಲ ಎಸೆದು ಹೋಗುತ್ತಿದ್ದರು. ಡಂಪಿಂಗ್ ಎಂದರೆ ಆ ಓಣಿಗೆ ಅದೊಂದೇ.

“ನೋಣಯ್ಯಣ್ಣ, ಇದು ಕಸದ್ದಲ್ಲ. ಪೈಪಿನ ವಿಷಯ.”

“ಪೈಪಿನ ಬಾಯಿಗೇ ಅಲ್ವಾ ಅವರು ತಂದು ಹಾಕುದು? ಚರಂಡಿ ಪೈಪು ಇಡೀ ಬ್ಲಾಕ್!”

“ಅಯ್ಯೋ, ಇದು ಹೊರಗಿನ ದೇಶದವರು ತಂದು ಹಾಕುವುದರ ಬಗ್ಗೆ.”

“ಅದನ್ನೇ ನಾನೂ ಹೇಳುದು, ಹೊರಗಿನವರೇ! ನಮ್ಮ ಓಣಿಯವರು ಯಾರೂ ಹಾಗಲ್ಲ.”

“ಹೊರಗಿನವರೂ ಇಲ್ಲ, ಮಣ್ಣೂ ಇಲ್ಲ,” ಎನ್ನುತ್ತ ನೋಣಯ್ಯನವರ ಹೆಂಡತಿ ಕುಶಲಾ ಒಳಗೆ ಬಂದಳು. ಕೈಯಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲ. ಚೀಲಕ್ಕಿಂತ ಮೊದಲು ಅದರ ವಾಸನೆ ಬಂದು ಕುರ್ಚಿಯಲ್ಲಿ ಕುಳಿತಾಗಿತ್ತು. “ಸಾಕ್ಷಿ ತಂದಿದ್ದೇನೆ ಡುಲ್ಸಿನ್ ಬಾಯಿ. ಇವತ್ತು ಬೆಳಿಗ್ಗೆಯದ್ದು. ಬಂಗುಡೆ ಮೀನಿನ ತಲೆ ಉಂಟು ಇದರಲ್ಲಿ. ಯಾರ ಮನೆಯದ್ದೆಂದು ನಾನು ಹೇಳುದಿಲ್ಲ. ಟೈಲ್ಸ್ ಹಾಕಿಸುವವರಿಗೆ ಗೊತ್ತುಂಟು.”

“ಯಾರಿಗೆ ಗೊತ್ತುಂಟು?” ಬಾಗಿಲಲ್ಲಿ ಜಾನೆಟ್ ನಿಂತಿದ್ದಳು. ಮಿಷನ್ ನಿಂತದ್ದು ಇದಕ್ಕೇ. ಮನೆಯವರೆಲ್ಲ ಹಿಯರಿಂಗಿಗೆ ಹೊರಟಿದ್ದರು. “ನಾವು ಬಂಗುಡೆ ತಿನ್ನುದೇ ಇಲ್ಲ ಕುಶಲಕ್ಕ. ನಮ್ಮ ಮನೆಗೆ ಕೆಜಿಗೆ ಸಾವಿರದ ಅಂಜಲ್ ಮಾತ್ರ ಬರುದು!”

“ಹೌದೌದು. ಅಂಜಲ್ ನೀವು ತಿನ್ನುದು, ಬಂಗುಡೆ ನನ್ನ ಕಾಂಪೌಂಡು ತಿನ್ನುದು.”

ಜಾನೆಟ್ ಡುಲ್ಸಿನಳ ಕಡೆಗೆ ತಿರುಗಿದಳು. “ಆಂಟೀ, ಡಂಪಿಂಗ್ ಡ್ಯೂಟಿ ನಿಮಗೆ ಕೊಟ್ಟದ್ದು ಯಾರೇ ಆಗಲಿ, ದೆಹಲಿಯವರ ಎದುರು ನನ್ನ ಹೆಸರು ಬಂದರೆ ಚೆಂದ ಇರುದಿಲ್ಲ ಮತ್ತೆ!”

ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದ ಹಾಗೆ ಮೂವರೂ ಒಟ್ಟಿಗೆ ಚಟಪಟ ಎನ್ನತೊಡಗಿದರು. ಹತ್ತು ಐವತ್ತೆಂಟು. ಡುಲ್ಸಿನ್ ಕೈಮುಗಿದಳು, ಬಾಗಿಲು ತೋರಿಸಿದಳು, ಕೊಂಕಣಿಯಲ್ಲಿ ಗಂಡನಿಗೆ ಒಂದು ಮಾತು ಹೇಳಿದಳು. ಸಿಪ್ರಿಯನ್ ಅಡುಗೆಮನೆಯಿಂದ ಇಣುಕಿ, “ಸಕ್ಕರೆ ಯಾರಿಗೆ ಬೇಡ?” ಎಂದು ಕೇಳಿದ.

ಹಿಯರಿಂಗ್ ಶುರುವಾಯಿತು. ಆಮದು ಮಾಡುವವರ ವಕೀಲ ಮೊದಲು ಮಾತಾಡಿದ. ಅವನ ಇಂಗ್ಲಿಷ್ ಎಣ್ಣೆ ಹಚ್ಚಿದ ಪೈಪಿನಂತೆ ಜಾರುತ್ತಿತ್ತು. ಅವನು ಮುಗಿಸಿದ ಮೇಲೆ ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿ, “ಮಂಗಳೂರಿನ ಡುಲ್ಸಿನ್ ಜೀ? ಕ್ಯಾಮರಾ ಹಾಕಿ. ನಿಮಗೆ ಐದು ನಿಮಿಷ,” ಎಂದರು.

ಡುಲ್ಸಿನ್ ಮೈಕು ಒತ್ತಿದಳು. “ರೆಸ್ಪೆಕ್ಟೆಡ್ ಸಾರ್...”

ಅಷ್ಟೇ. ಮುಂದಿನ ನಾಲ್ಕು ನಿಮಿಷ ಮೂವತ್ತೆಂಟು ಸೆಕೆಂಡಿನ ಮಾತು ಅವಳ ಹೊಟ್ಟೆಯಲ್ಲೇ ಉಳಿಯಿತು. “ಕ್ಯಾಮರಾ ನಾನು ಹಾಕ್ತೇನೆ ಬಾಯಿ, ನಿಮಗೆ ಯಾಕೆ ತೊಂದರೆ?” ಎಂದು ನೋಣಯ್ಯ ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ಎಳೆದು ಗುಂಡಿ ಒತ್ತಿದರು. ಒತ್ತಿದಾಗ ಅದರ ಮುಂದೆ ಇದ್ದವಳು ಕುಶಲಾ. ಪರದೆಯ ಮೇಲೆ ಕುಶಲಾಳ ಮುಖ, ಅದರ ಕೆಳಗೆ ಡುಲ್ಸಿನಳ ಹೆಸರು.

ಕುಶಲಾ ಒಂದು ಸಲ ಗಂಟಲು ಸರಿಮಾಡಿಕೊಂಡಳು. ಮುಂಬೈಯ ಕ್ಯಾಂಟೀನಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಇಡೀ ಘಾಟ್‌ಕೋಪರನ್ನು ಗದರಿಸಿದ ಹಿಂದಿ ಅವಳದು.

“ನೋಡಿ ಭಾಯ್‌ಸಾಬ್,” ಎಂದು ಹಿಂದಿಯಲ್ಲಿ ಶುರುಮಾಡಿದಳು. “ಅವರ ಜಾಗದಲ್ಲಿ ಹಾಕಿದರೆ ಅವರಿಗೆ ಖರ್ಚು. ಅದಕ್ಕೆ ನಮ್ಮಲ್ಲಿಗೆ ತಂದು ಸುರಿಯುತ್ತಾರೆ. ನಾವೇನು ಮನುಷ್ಯರಲ್ಲವಾ?”

ಅಧಿಕಾರಿ ಪೆನ್ನು ಕೈಗೆತ್ತಿಕೊಂಡರು. “ಹೇಳಿ ಡುಲ್ಸಿನ್ ಜೀ, ಹಿಂದಿಯಲ್ಲೇ ಹೇಳಿ. ಒಳ್ಳೆಯದಾಯಿತು.”

ಡುಲ್ಸಿನ್ ಲ್ಯಾಪ್‌ಟಾಪಿಗೆ ಕೈ ಚಾಚಿದಳು. ನಡುವೆ ಸಿಪ್ರಿಯನ್ ಚಾದ ಟ್ರೇ ಹಿಡಿದು ನಿಂತಿದ್ದ. “ಬಿಸಿ ಉಂಟು, ಬಿಸಿ ಉಂಟು,” ಅಂದ. ನೀಲಿ ಸೀರೆಯ ಮೇಲೆ ಅರ್ಧ ಲೋಟ ಚಾ ಬಿತ್ತು.

“ಐದು ವರ್ಷ ಇಲ್ಲಿ ದಂಡದ ಬೋರ್ಡು ಇತ್ತು ಸಾಬ್,” ಕುಶಲಾಳ ಸ್ವರ ಏರಿತು. “ಐದು ವರ್ಷ ಒಬ್ಬನೂ ಇತ್ತ ತಲೆ ಹಾಕಲಿಲ್ಲ. ನಮ್ಮವರೇ ಜಾಣರು ಕೆಲವರು,” ಎಂದು ಗಂಡನ ಕಡೆ ಕಣ್ಣು ಬಿಟ್ಟಳು, “ಈಗ ಯಾರೂ ಹಾಕುವುದಿಲ್ಲವಲ್ಲ, ಬೋರ್ಡು ಯಾಕೆ ಎಂದು ಒಂದು ತಿಂಗಳು ತೆಗೆಸಿದರು. ಒಂದೇ ತಿಂಗಳು! ನನ್ನ ಗೋಡೆಯಷ್ಟು ಎತ್ತರ ಬಿತ್ತು. ಬೋರ್ಡು ಇರಲೇಬೇಕು!”

ವಕೀಲ ಮಧ್ಯೆ ಬಾಯಿ ಹಾಕಿದ. “ದಂಡ ಇದ್ದಾಗ ಏನೂ ತೊಂದರೆಯೇ ಆಗಿಲ್ಲವೆಂದು ನೀವೇ ಒಪ್ಪುತ್ತೀರಿ. ಹಾಗಿದ್ದರೆ ದಂಡ ಮುಂದುವರಿಸುವುದು ಯಾಕೆ ಮೇಡಂ?”

“ನಿಮ್ಮ ಮನೆಯಲ್ಲಿ ಸೊಳ್ಳೆಪರದೆ ಉಂಟಾ?”

“ಅಂ?”

“ಪರದೆಯೊಳಗೆ ಸೊಳ್ಳೆ ಕಚ್ಚಲಿಲ್ಲ ಎಂದು ಪರದೆ ಬಿಚ್ಚಿ ಮಲಗುತ್ತೀರಾ? ಮಂಗಳೂರಿಗೆ ಬಂದು ಒಂದು ರಾತ್ರಿ ಹಾಗೆ ಮಲಗಿ ನೋಡಿ. ಮಲೇರಿಯಾ ಬಂದ ಮೇಲೆ ಮಾತಾಡುವ!”

ದೆಹಲಿಯಲ್ಲಿ ಯಾರೋ ನಕ್ಕರು. ವಕೀಲ ನೀರು ಕುಡಿದ. “ನನ್ನನ್ನೇ ಹೇಳುದು ಅವಳು!” ಎಂದು ಹಿಂದಿನಿಂದ ಜಾನೆಟ್ ಕನ್ನಡದಲ್ಲಿ ಬೊಬ್ಬೆ ಹಾಕಿದಳು. ನೋಣಯ್ಯ, “ಬೋರ್ಡು ತೆಗೆದದ್ದು ಪೈಂಟ್ ಮಾಡ್ಲಿಕ್ಕೆ ಮಾರಾಯ್ತಿ!” ಎಂದು ಇನ್ನೂ ದೊಡ್ಡ ಬೊಬ್ಬೆ ಹಾಕಿದರು. ಕುಶಲಾ ಕಪ್ಪು ಚೀಲವನ್ನು ಕ್ಯಾಮರಾದ ಮೂಗಿಗೆ ಹಿಡಿದಳು. “ಇದು ನೋಡಿ ಸಾಬ್, ಇವತ್ತಿನ ಮಾಲು!”

“ಸ್ಯಾಂಪಲ್ ಬೇಡ, ಸ್ಯಾಂಪಲ್ ಬೇಡ,” ಎಂದರು ಅಧಿಕಾರಿ. “ನಿಮ್ಮ ಸಮಯ ಮುಗಿಯಿತು ಡುಲ್ಸಿನ್ ಜೀ. ಈ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ಮಾತಾಡಿರಲಿಲ್ಲ. ಈಗ ಹೇಳಿದ್ದನ್ನೆಲ್ಲ ಒಂದು ವಾರದೊಳಗೆ ಬರೆದು ಕಳಿಸಿ.”

ಪರದೆ ಮುಂದಿನವರ ಕಡೆಗೆ ಹೋಯಿತು.

ಕುಶಲಾ ಸೆರಗಿನಿಂದ ಮುಖ ಒರೆಸಿಕೊಂಡಳು. “ಒಳ್ಳೇ ಜನ. ಪೂರ್ತಿ ಕೇಳಿದರು. ಬರೆಯುದು ನೀವು ಬರೆಯಿರಿ ಡುಲ್ಸಿನ್ ಬಾಯಿ, ನಿಮ್ಮ ಅಕ್ಷರ ಚೆಂದ.” ನೋಣಯ್ಯ ಫೈಲು ಬಿಟ್ಟು ಹೋದರು. ಜಾನೆಟ್ ಮಾತಾಡದೆ, ಆದರೆ ಚಾ ಮುಗಿಸಿ, ಹೋದಳು. ಸಾಕ್ಷಿ ಮೇಜಿನ ಕೆಳಗೆ ಉಳಿಯಿತು.

ಡುಲ್ಸಿನ್ ಹಾಗೆಯೇ ಕುಳಿತಿದ್ದಳು. ಚಾ ಬಿದ್ದ ಸೀರೆ ಮೊಣಕಾಲಿಗೆ ಅಂಟಿಕೊಂಡಿತ್ತು. ಸುಂಕ ಉಳಿಯಬಹುದು. ಮೂವತ್ತೆಂಟು ಜನ ಉಳಿಯಬಹುದು. ಸಂತೋಷ ಆಗಬೇಕಿತ್ತು, ಸ್ವಲ್ಪ ಆಯಿತೂ ಕೂಡ. ಆದರೆ ಅವಳ ಎದುರಿನ ಭಾಷಣದ ನಾಲ್ಕು ಹಾಳೆಗಳು, ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದ ನೆಂಟರ ಹಾಗೆ ಅವಳನ್ನೇ ನೋಡುತ್ತಿದ್ದವು. ಹ್ಯೂಬರ್ಟ್ ಸಾರಿಗೆ ಏನು ಹೇಳುವುದು? ನಿಜವನ್ನೇ ಹೇಳಬೇಕು. ಎಷ್ಟಾದರೂ ಎಲ್ಲ ಕೇಳಿಸಿಕೊಂಡಿರುತ್ತಾರೆ. ನನ್ನ ಮಾತು ನನಗೆ ಸಿಗಲಿಲ್ಲ ಸಾರ್, ಇನ್ನೊಂದು ಅವಕಾಶ ಕೊಡಿ ಎಂದು ಈ ಸಲ ಬಾಯಿಬಿಟ್ಟು ಕೇಳಿಯೇಬಿಡಬೇಕು.

ಫೋನು ಹೊಡೆದುಕೊಂಡಿತು.

“ಡುಲ್ಸಿನ್!” ಹ್ಯೂಬರ್ಟ್ ಸಾರ್ ಕೂಗುತ್ತಿದ್ದರು. “ಎಂತ ಹಿಂದಿ ಮಾರಾಯ್ರೆ! ಎಂತ ಧೈರ್ಯ! ಆ ಸೊಳ್ಳೆಪರದೆ ಹೇಳಿದಾಗ ಡ್ರೈವರ್ ಕಾರು ಬದಿಗೆ ನಿಲ್ಲಿಸಿ ಚಪ್ಪಾಳೆ ಹೊಡೆದ. ಹಿಂದಿನಿಂದ ಕೆಲಸದವರು ಬೊಬ್ಬೆ ಹಾಕುದೂ ಕೇಳಿತು. ಅವರನ್ನೂ ಮನೆಗೆ ಕರೆಸಿದ್ರಾ? ಒಳ್ಳೇದು, ಒಳ್ಳೇದು! ಹತ್ತೊಂಬತ್ತು ವರ್ಷ ಈ ಸ್ವರವನ್ನು ಎಲ್ಲಿ ಅಡಗಿಸಿಟ್ಟಿದ್ರಿ ನೀವು?”

ಡುಲ್ಸಿನ್ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

“ಮುಂದಿನ ತಿಂಗಳು ದೆಹಲಿಯಲ್ಲಿ ಸಣ್ಣ ಕಾರ್ಖಾನೆಯವರ ದೊಡ್ಡ ಸಭೆ ಉಂಟು. ಸಾವಿರ ಜನ. ನಿಮ್ಮ ಹೆಸರು ಈಗಲೇ ಕೊಟ್ಟಾಯ್ತು. ಅರ್ಧ ಗಂಟೆ ಹಿಂದಿಯಲ್ಲಿ, ಹೀಗೆಯೇ, ಕಾಗದ ನೋಡದೆ!”

“ಸಾರ್,” ಎಂದಳು ಡುಲ್ಸಿನ್. ಅವಳ ಹಿಂದಿ ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಮೂವತ್ತೇಳು ಅಂಕಕ್ಕೆ ತೀರಿಕೊಂಡಿತ್ತು. “ಸಾರ್, ಅದು ನಾನಲ್ಲ. ಅದು ನನ್ನ ಸ್ವರವೇ ಅಲ್ಲ...”

“ಅಯ್ಯಯ್ಯೋ!” ಹ್ಯೂಬರ್ಟ್ ಸಾರ್ ಗಾಬರಿಯಾದರು. “ಮಾತಾಡಬೇಡಿ, ಮಾತಾಡಬೇಡಿ! ಕೂಗಿ ಕೂಗಿ ನಿಮ್ಮ ಸ್ವರ ಪೂರ್ತಿ ಹೋಗಿದೆ. ಯಾರೋ ಬೇರೆಯವರು ಮಾತಾಡಿದ ಹಾಗೆ ಕೇಳ್ತಾ ಉಂಟು. ಶುಂಠಿ ಜಜ್ಜಿ ಬಿಸಿ ನೀರಿಗೆ ಹಾಕಿ ಕುಡಿಯಿರಿ. ನಿಮ್ಮ ನಿಜವಾದ ಸ್ವರ ಬರುವವರೆಗೆ ಒಂದು ಶಬ್ದ ಆಡ್ಬೇಡಿ. ಇದು ನನ್ನ ಆರ್ಡರ್!”

ಫೋನು ಕಟ್ಟಾಯಿತು. ಘಾಟಿ ಇರಬೇಕು.

ಸಿಪ್ರಿಯನ್ ಖಾಲಿ ಲೋಟಗಳನ್ನು ಒಟ್ಟುಮಾಡುತ್ತ ಬಂದ. “ಎಂತ ಹೇಳಿದ್ರು ಸಾರ್? ಸಂತೋಷ ಆಯ್ತಂತಾ?”

ಹೇಳಲು ಬಹಳ ಇತ್ತು. ಡುಲ್ಸಿನ್ ನಾಲ್ಕು ಹಾಳೆಗಳನ್ನು ಜೋಡಿಸಿ ನೋಣಯ್ಯನವರ ಫೈಲಿನ ಮೇಲೆ ಇಟ್ಟಳು.

“ಶುಂಠಿ ಉಂಟಾ ಮನೆಯಲ್ಲಿ?” ಎಂದು ಕೇಳಿದಳು.