ಚಳಿಗಾಲದಲ್ಲಿ ಮಾವಿನ ವಾಸನೆ

ತನ್ನದು ಚಟವೇ ಅಲ್ಲ, ಪಕ್ಕದವನದು ಮಾತ್ರ ಚಟ ಎಂದು ನಂಬದ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ. ಬೀಡಿ ಸೇದುವವನಿಗೆ ಗುಟ್ಕಾ ಹೊಲಸು. ಗುಟ್ಕಾ ಹಾಕುವವನಿಗೆ ಬೀಡಿ ಎದೆ ಸುಡುವಂಥದ್ದು. ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನೊಬ್ಬ ಇದರಿಂದ ಹೊರಗೆ ಎಂದು ಬಹಳ ದಿನ ತಿಳಿದಿದ್ದೆ.

ನಮ್ಮ ಅವ್ವನದು ಮಿಶ್ರಿ. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಹಲ್ಲಿಗೆ ತಿಕ್ಕುವುದು ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಚಹಾಕ್ಕಿಂತ ಮೊದಲಿನ ಕೆಲಸ. "ಇದು ತಂಬಾಕಲ್ಲೋ, ಹಲ್ಲಿನ ಪುಡಿ" ಎಂಬುದು ಅವಳ ವಾದ. ಹೋದ ವರ್ಷ ಅವಳ ಒಸಡಿನಲ್ಲಿ ಬಿಳಿ ಮಚ್ಚೆ ಕಂಡಾಗ ದವಾಖಾನೆಗೆ ಕರಕೊಂಡು ಹೋದೆ. ಡಾಕ್ಟರು "ಇವತ್ತೇ ಬಿಡಬೇಕು" ಅಂದರು. ಬಿಡಿಸಿದೆ. ಅಷ್ಟೇ ಅಲ್ಲ, ದಿನಾ ಬೆಳಿಗ್ಗೆ "ಆ ಅನ್ನು" ಎಂದು ಅವಳ ಬಾಯಿ ಮೂಸಿ ನೋಡುವ ಪದ್ಧತಿಯನ್ನೂ ಹಾಕಿದೆ. ಪಾಪ, ಹತ್ತು ತಿಂಗಳಿಂದ ತಪ್ಪದೆ ಬಾಯಿ ತೆರೆಯುತ್ತಿದ್ದಾಳೆ.

ನಾನೋ, ಶಾಲೆಯ ಹಿಂದೆ ನಿಂತು ದಿನಕ್ಕೆರಡು ಸಿಗರೇಟು ಸೇದುವವನು. ಅದು ಹೆಂಡತಿಯ ತಮ್ಮನಿಗೆ ಗೊತ್ತು. ದೀಪಾವಳಿಗೆ ಬಂದವನು ಪೆನ್ನಿನಂಥ ಒಂದು ವೇಪ್, ಅಂದರೆ ಬ್ಯಾಟರಿಯ ಇ-ಸಿಗರೇಟು, ಕೈಗಿಟ್ಟ. "ಸಿಗರೇಟ್ ಬಿಡ್ರಿ ಮಾಮಾ. ಇದರಾಗ ಬೆಂಕಿ ಇಲ್ಲ, ಬೂದಿ ಇಲ್ಲ. ಅದಕ್ಕಿಂತ ಅಪಾಯ ಕಡಿಮಿ." ಅಪಾಯ ಕಡಿಮೆ ಎಂದು ಅವನು ಹೇಳಿದ್ದನ್ನು ನನ್ನ ಮನಸ್ಸು ಅಪಾಯವೇ ಇಲ್ಲ ಎಂದು ಬರೆದುಕೊಂಡಿತು. ಇದರ ಮಾರಾಟ ನಿಷೇಧ ಎಂಬುದು ಗೊತ್ತಿತ್ತು. ನಾನೇನೂ ಕೊಂಡಿಲ್ಲವಲ್ಲ, ಬಂದದ್ದು ತಾನೇ, ಎಂದು ಸಮಾಧಾನ ಮಾಡಿಕೊಂಡು ಸೇದತೊಡಗಿದೆ.

ಒಂದು ಬೆಳಿಗ್ಗೆ ಬಾಯಿ ತೆರೆದು ಕೂತಿದ್ದ ಅವ್ವ ನನ್ನನ್ನೇ ಮೂಸಿದಳು. "ತಮ್ಮಾ, ಈ ಥಂಡಿಯಾಗ ಮಾವಿನಹಣ್ಣು ಎಲ್ಲಿ ಸಿಕ್ಕೂವೋ?"

ಸಿಕ್ಕಿಬಿದ್ದೆ. ಮಾವಿನ ವಾಸನೆಯ ಆ ವೇಪನ್ನು ಕಿಸೆಯಿಂದ ತೆಗೆದು ತೋರಿಸಿ ಪಾಠ ಶುರುಮಾಡಿದೆ. "ಇದು ಸಿಗರೇಟ್ ಅಲ್ಲಬೇ ಯವ್ವಾ, ಬರೇ ಉಗಿ. ಏನೂ ಆಗೂದಿಲ್ಲ."

"ಹಂಗಾರ ನನಗೂ ಒಂದೀಟು ಕೊಡು. ಮಿಶ್ರಿ ಬಿಟ್ಟಾಗಿಂದ ಮುಂಜಾನೆ ತಲಿ ಜಡ್ಡಗಟ್ಟತೈತಿ." ಅವ್ವ ಕೈ ಚಾಚಿದಳು.

ನನ್ನ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. "ನಿನಗ ಬ್ಯಾಡ. ಇದರಾಗ ನಿಕೋಟಿನ್ ಐತಿ."

"ಅದು ಮತ್ತ ಯಾತರಾಗ ಇರತೈತಿ?"

"ತಂಬಾಕಿನಾಗ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಕೈ ನಿಂತಿತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅವ್ವ ಬೈಯಲಿಲ್ಲ. ವೇಪನ್ನು ಇಸಿದುಕೊಂಡು ತನ್ನ ಹಳೆಯ ಮಿಶ್ರಿ ಡಬ್ಬಿಗೆ ಹಾಕಿ ಟ್ರಂಕಿಗೆ ಕೀಲಿ ಜಡಿದಳು. "ನಾಳಿಯಿಂದ ನೀನೂ ಆ ಅನ್ನು. ನೀ ಏನರ ಸೇದಿದ ದಿನ ನಾನೂ ಹಂಚಿಟ್ಟು ತಂಬಾಕ ಹುರಿತೇನಿ, ನೋಡು."

ಹೀಗಾಗಿ ಈಗ ದಿನಾ ಇಬ್ಬರೂ ಬಾಯಿ ತೆರೆಯುತ್ತೇವೆ. ಅವಳು ಸಲೀಸಾಗಿ ಪಾಸಾಗುತ್ತಾಳೆ. ಕಳೆದ ಸೋಮವಾರ ಬೆಳಿಗ್ಗೆ ನಾನು ಹಿತ್ತಲಲ್ಲಿ ಒಂದೇ ಒಂದು ಸಿಗರೇಟು ಸೇದಿ, ಜಾಣನ ಹಾಗೆ ಏಲಕ್ಕಿ ಅಗಿದು ಹೋಗಿ ಕೂತೆ. ಅವ್ವ ಮೂಸಿದಳು. ಎದ್ದು ಹೋಗಿ ಒಲೆಯ ಮೇಲೆ ಹಂಚಿಟ್ಟಳು.

ಪುಣ್ಯಕ್ಕೆ ಅದರ ಮೇಲೆ ಬಿದ್ದದ್ದು ರೊಟ್ಟಿ. ಅಲ್ಲಿಯವರೆಗೆ ವಿಜ್ಞಾನದ ಮಾಸ್ತರ ಬಾಯಿ ತೆರೆದೇ ಕೂತಿದ್ದ. ಮುಚ್ಚು ಎಂದು ಅವ್ವ ಇನ್ನೂ ಹೇಳಿರಲಿಲ್ಲ.